ಜೋಲುಮೋರೆ ದ್ವೀಪದಲ್ಲಿ ಒಂದು ಬಾಡಿಗೆ ಮನೆ

ನನ್ನ ಮುಖ ಹುಟ್ಟಿದಾಗಿನಿಂದಲೂ ಸಾವಿನ ಮನೆಗೆ ಹೋಗಿ ಈಗಷ್ಟೇ ಬಂದಂತೆ ಇದೆ. ಮದುವೆ ಮನೆಗಳಲ್ಲಿ ಊಟಕ್ಕೆ ಕೂತಿದ್ದರೆ ಗುರುತಿಲ್ಲದವರೂ ಪಕ್ಕದಿಂದ ಬಗ್ಗಿ, "ಯಾಕ್ರೀ, ಹುಷಾರಿಲ್ವಾ?" ಎನ್ನುತ್ತಾರೆ. ನನ್ನದೇ ಮದುವೆಯ ಫೋಟೋಗಳನ್ನು ಮೊದಲ ಸಲ ನೋಡಿದಾಗ ನನ್ನ ಮಗಳು, "ಅಮ್ಮಾ, ನಿಂಗೆ ಬಲವಂತವಾಗಿ ಮದುವೆ ಮಾಡಿದ್ರಾ?" ಎಂದು ಕೇಳಿದ್ದಳು. ಇಲ್ಲ. ನಾನಾಗಿ ಒಪ್ಪಿ, ಒಳಗೊಳಗೇ ಕುಣಿದಾಡುತ್ತಾ ಆದ ಮದುವೆ ಅದು. ಕುಣಿತ ಮುಖದವರೆಗೆ ಬಂದಿರಲಿಲ್ಲ, ಅಷ್ಟೆ.

ಈ ಮುಖ ಅಪ್ಪನಿಂದ ಬಂದದ್ದು. ಅಪ್ಪ ಬಿನ್ನಿಪೇಟೆಯಲ್ಲಿ ಮಿಲ್ಲುಗಳಿದ್ದ ಕಾಲದಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಹಾಗಾಗಿ ಕೈಸನ್ನೆಯಲ್ಲೇ ಎಲ್ಲವನ್ನೂ ಮುಗಿಸುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಮುಖವನ್ನು ಬಳಸುವ ಅಗತ್ಯವೇ ಬೀಳಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ನಗುತ್ತಿದ್ದವನೆಂದರೆ ಗೋಡೆಯ ಮೇಲಿನ ಬುದ್ಧನೊಬ್ಬನೇ, ಅವನೂ ತುಟಿ ಬಿಚ್ಚದೆ.

ಇಂಥ ಮುಖ ಇಟ್ಟುಕೊಂಡು ನಾನು ಹಾಸ್ಯ ಬರೆಯುತ್ತೇನೆ. ವಾರವಿಡೀ ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವುದು, ಭಾನುವಾರ ನಗೆ ಲೇಖನ ಬರೆಯುವುದು. ಕೆಲವು ಪತ್ರಿಕೆಗಳು ಅಚ್ಚು ಹಾಕಿದ್ದೂ ಉಂಟು. ನನ್ನ ಲೇಖನ ಓದಿ ನಕ್ಕವರನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಇದ್ದಾರೆ ಎಂದು ಕೇಳಿದ್ದೇನೆ. ಊರಾಚೆಯ ಬಡಾವಣೆಗಳಲ್ಲಿ ಚಿರತೆ ಇದೆ ಎನ್ನುತ್ತಾರಲ್ಲ, ಹಾಗೆ.

ನಾವಿರುವುದು ಚಾಮರಾಜಪೇಟೆಯಲ್ಲಿ. ನಮ್ಮ ರಸ್ತೆಯ ಕನ್ನಡ ಸಂಘದವರು ರಾಜ್ಯೋತ್ಸವವನ್ನು ನವೆಂಬರ್ ಕೊನೆಗೆ ಇಟ್ಟುಕೊಳ್ಳುತ್ತಾರೆ. ತಿಂಗಳ ಮೊದಲಲ್ಲಿ ಪೆಂಡಾಲು, ಮೈಕು, ಆರ್ಕೆಸ್ಟ್ರಾ ಯಾವುದೂ ನಮ್ಮಂಥ ಸಣ್ಣ ಸಂಘದ ಕೈಗೆ ಸಿಗುವುದಿಲ್ಲ. ಹೋದ ವರ್ಷಕ್ಕೆ ಹಿಂದಿನ ವರ್ಷ, ಮಿಮಿಕ್ರಿಗೆ ಒಪ್ಪಿಕೊಂಡಿದ್ದವನು ಮಲ್ಲೇಶ್ವರದಲ್ಲಿ ದೊಡ್ಡ ಕಾರ್ಯಕ್ರಮ ಸಿಕ್ಕಿತೆಂದು ಕೊನೇ ಗಳಿಗೆಯಲ್ಲಿ ಕೈಕೊಟ್ಟ. ಸಂಘದ ಕಾರ್ಯದರ್ಶಿಗಳು ನಮ್ಮ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದರು.

"ಮೇಡಂ, ನೀವು ಹಾಸ್ಯ ಬರೀತೀರಂತೆ, ಯಾರೋ ಹೇಳಿದ್ರು," ಎಂದವರು ನನ್ನ ಮುಖ ನೋಡಿ ಸ್ವಲ್ಪ ತಡೆದು, "ನೀವೇ ತಾನೆ?" ಎಂದರು.

"ನಾನೇ."

"ಹಂಗಾದ್ರೆ ಒಂದು ಐಟಂ ಓದ್ಬಿಡಿ. ಬಹುಮಾನ ಕೊಡೋದು ಮುಗಿದ್ಮೇಲೆ ಆರ್ಕೆಸ್ಟ್ರಾದೋರು ವೈರು ಜೋಡಿಸ್ಕೋತಾರಲ್ಲ, ಅಲ್ಲೀತನಕ. ಜನ ಎದ್ದು ಹೋಗ್ಬಾರ್ದು ಅಷ್ಟೆ."

ವೈರು ಜೋಡಿಸುವಷ್ಟು ಹೊತ್ತಿಗೆ ತಕ್ಕ ಸಾಹಿತ್ಯ ಯಾವುದು ಎಂದು ನಾನು ಬಹಳ ಯೋಚನೆ ಮಾಡಿದೆ. ಆ ವಾರವೇ ಕಚೇರಿಯ ಸಹೋದ್ಯೋಗಿಯೊಬ್ಬಳು ಯಾವುದೋ ದ್ವೀಪಕ್ಕೆ ಪ್ರವಾಸ ಹೋಗಿ ಬಂದಿದ್ದಳು. ಊಟದ ಹೊತ್ತಿನಲ್ಲಿ ಮೊಬೈಲು ಹಿಡಿದು ನೂರಾರು ಫೋಟೋ ತೋರಿಸಿದಳು. ಎಲ್ಲದರಲ್ಲೂ ಸಮುದ್ರ, ಎಲ್ಲದರಲ್ಲೂ ಹಲ್ಲು. ಹಲ್ಲು ತೋರಿಸಲಾಗದವರು ಪ್ರವಾಸಕ್ಕೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು. ನನ್ನಂಥವರಿಗೆಂದೇ ಒಂದು ದೇಶವನ್ನು ಕಟ್ಟಿ, ಅದಕ್ಕೊಂದು ಪ್ರವಾಸಿ ಕೈಪಿಡಿ ಬರೆದೆ.

ದೇಶದ ಹೆಸರು ಜೋಲುಮೋರೆ ದ್ವೀಪ. ಅದು ಎಲ್ಲ ಖಂಡಗಳಿಂದಲೂ ಸಮಾನ ದೂರದಲ್ಲಿದೆ, ಏಕೆಂದರೆ ಯಾವ ಖಂಡವೂ ಅದನ್ನು ಹತ್ತಿರ ಸೇರಿಸಲಿಲ್ಲ. ಹೋಗಲು ಹಡಗಿದೆ, ಆದರೆ ಹೊರಡುವುದಕ್ಕೆ ಹಡಗಿಗೆ ಮನಸ್ಸಾಗಬೇಕು. ಅಲ್ಲಿ ಯಾವಾಗಲೂ ಮೋಡ. ಅಪ್ಪಿತಪ್ಪಿ ಬಿಸಿಲು ಬಂದರೆ ಶಾಲೆಗಳಿಗೆ ರಜೆ ಕೊಟ್ಟು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ರಾಷ್ಟ್ರಗೀತೆಯೆಂದರೆ ಒಂದು ನಿಟ್ಟುಸಿರು. ಜನ ಎದ್ದು ನಿಲ್ಲುವಷ್ಟರಲ್ಲಿ ಮುಗಿದಿರುತ್ತದೆ. ರಾಷ್ಟ್ರೀಯ ಅಡುಗೆ ನಿನ್ನೆಯ ಸಾರು. ದಾರಿಯಲ್ಲಿ ಎದುರಾದವರಿಗೆ ನಮಸ್ಕಾರ ಎನ್ನುವುದಿಲ್ಲ, "ಇನ್ನೂ ಇದೀರಾ?" ಎನ್ನುತ್ತಾರೆ. ಅದಕ್ಕೆ "ಏನ್ಮಾಡೋದು" ಎಂಬುದೇ ಮರ್ಯಾದಸ್ತರ ಉತ್ತರ. ಹೋಟೆಲಿನಲ್ಲಿ ಕೂತರೆ ಸಪ್ಲೈಯರ್ ಬಂದು, "ತಿನ್ನಲೇಬೇಕಾ?" ಎಂದು ವಿಚಾರಿಸುತ್ತಾನೆ. ಕೊನೆಯಲ್ಲಿ ಪ್ರವಾಸಿಗರಿಗೊಂದು ಎಚ್ಚರಿಕೆ: ಅಲ್ಲಿ ಯಾರನ್ನೂ "ಯಾಕೆ ಮುಖ ಸಪ್ಪಗಿದೆ?" ಎಂದು ಕೇಳಕೂಡದು. "ಯಾಕೆ ಮೂಗಿದೆ?" ಎಂದು ಕೇಳಿದಷ್ಟೇ ಅಸಭ್ಯ ಅದು.

ಬರೆದು ಮುಗಿಸಿ ಮಗಳಿಗೆ ಓದಿ ಹೇಳಿದೆ. ಅವಳು ಡಿಗ್ರಿ ಓದುತ್ತಿದ್ದಾಳೆ, ನಗುವುದಕ್ಕೆ ಯಾವ ಕಷ್ಟವೂ ಇಲ್ಲದ ವಯಸ್ಸು. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ಅಮ್ಮಾ. ಜೋಕ್ ಆಮೇಲೆ ಹಾಕ್ತೀಯಾ?" ಎಂದಳು.

ಕಾರ್ಯಕ್ರಮದ ಸಂಜೆ ಮೈಕಿನ ಮುಂದೆ ನಿಂತೆ. ಹಡಗಿನ ವಾಕ್ಯ ಓದಿ, ನಗುವುದಕ್ಕೆ ಜಾಗ ಬಿಟ್ಟು ಕಾದೆ. ಪೆಂಡಾಲಿನ ಹಿಂದೆ ಜನರೇಟರ್ ಮಾತ್ರ ಗುಡುಗುಡು ಎಂದಿತು. ರಾಷ್ಟ್ರಗೀತೆಯ ವಾಕ್ಯಕ್ಕೆ ಮತ್ತೆ ಕಾದೆ. ಆರ್ಕೆಸ್ಟ್ರಾದ ಡ್ರಮ್ಮಿನವನಿಗೆ ಮರುಕ ಹುಟ್ಟಿರಬೇಕು. ಅಲ್ಲಿಂದ ಮುಂದೆ ಪ್ರತಿ ವಾಕ್ಯದ ಕೊನೆಗೂ "ಡಿಶ್ಶ್" ಎಂದು ಒಂದೊಂದು ತಟ್ಟು ಹಾಕತೊಡಗಿದ. ಅವನು ತಟ್ಟಿದ ಕಡೆ ಜೋಕು ಇರಲಿಲ್ಲ, ಜೋಕು ಇದ್ದ ಕಡೆ ಅವನು ತಟ್ಟಲಿಲ್ಲ. ಎರಡನೇ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ "ಪಾಪ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣಿಗೆ ಬಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಟವೆಲ್ಲು. ಆ ಟವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ನೀರು ಬಂದಿದೆ ಎಂದುಕೊಂಡೆ. ಉಳಿದದ್ದನ್ನೆಲ್ಲ ಅವರೊಬ್ಬರಿಗಾಗಿಯೇ ಓದಿದೆ. ಓದಿದಷ್ಟೂ ಅವರು ಹೆಚ್ಚು ಹೆಚ್ಚು ಒರೆಸಿಕೊಂಡರು. ನನಗೆ ಹುರುಪು ಬಂತು. ಮೂಗಿನ ವಾಕ್ಯಕ್ಕೆ ಅವರು ಟವೆಲ್ಲಿನಲ್ಲಿ ಮುಖವನ್ನೇ ಮುಚ್ಚಿಕೊಂಡರು. ಗೆದ್ದೆ ಎಂದುಕೊಂಡು ವೇದಿಕೆ ಇಳಿದೆ.

ಕಾಫಿ ಕೊಡುತ್ತಿದ್ದ ಮೇಜಿನ ಹತ್ತಿರ ಅವರೇ ಬಂದು ಮಾತಾಡಿಸಿದರು.

"ಆ ದ್ವೀಪದ ವಿಷ್ಯ ಓದಿದ್ದು ನೀವೇ ಏನವ್ವಾ?"

"ಹೌದು. ಇಷ್ಟ ಆಯ್ತಾ?"

"ಅಲ್ಲಿ ಮನೆ ಬಾಡಿಗೆಗೆ ಸಿಕ್ತದಾ?"

ನನ್ನ ತಮಾಷೆಗೆ ತಮಾಷೆ ಸೇರಿಸುತ್ತಿದ್ದಾರೆ ಎಂದು ನಾನು ಉಬ್ಬಿಹೋದೆ. "ಧಾರಾಳವಾಗಿ ಸಿಗುತ್ತೆ. ಆದ್ರೆ ಓನರ್‌ಗಳು ಮಾತಾಡ್ಸಲ್ಲ, ಅದೊಂದೇ ತೊಂದ್ರೆ," ಎಂದೆ.

"ಅದೇ ಬೇಕಾಗಿರೋದು ಕಣವ್ವಾ," ಎಂದರು. ಆಗ ಅವರ ಕಣ್ಣನ್ನು ಹತ್ತಿರದಿಂದ ನೋಡಿದೆ. ನಕ್ಕರೆ ಕಣ್ಣು ಅಷ್ಟು ಕೆಂಪಾಗುವುದಿಲ್ಲ.

ಅವರು ಹೋದ ಮೇಲೆ ನನ್ನ ಗಂಡ ಹೇಳಿದ. ಗಂಡನಿಗೆ ಅವೆನ್ಯೂ ರಸ್ತೆಯ ಒಳಗಲ್ಲಿಯೊಂದರಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಅಂಗಡಿ ಇದೆ. ಪೇಟೆಯ ಕಡೆಯವರೆಲ್ಲ ಗೊತ್ತು, ಆದರೆ ಕೇಳದೆ ಏನನ್ನೂ ಹೇಳುವವನಲ್ಲ. "ತರಗುಪೇಟೆ ಬೇಳೆ ಮಂಡಿ ಯಜಮಾನ್ರು ಅವ್ರು. ನಮ್ಮ ಹಿಂದಿನ ರಸ್ತೇಲೇ ಮನೆ. ಗೌರಿ ಹಬ್ಬದ ಹೊತ್ತಲ್ಲಿ ಹೆಂಡ್ತಿ ಹೋಗ್ಬಿಟ್ರು."

ಜೀವನದಲ್ಲಿ ಮೊದಲ ಬಾರಿ ಜನರ ಮುಂದೆ ಹಾಸ್ಯ ಓದಿ, ಹೆಂಡತಿಯನ್ನು ಕಳೆದುಕೊಂಡ ಹಿರಿಯರೊಬ್ಬರನ್ನು ಅಳಿಸಿ ಕಳಿಸಿದ್ದೆ. ಉಳಿದವರನ್ನು ನಗಿಸಿದ್ದರೆ ಅಷ್ಟಾದರೂ ಸಮಾಧಾನ ಇರುತ್ತಿತ್ತು.

ಮುಂದಿನ ಭಾನುವಾರ ಹೋಗಿ ಕ್ಷಮೆ ಕೇಳಿ ಬರುವುದೆಂದು ಸೀರೆ ಉಟ್ಟು ನಿಂತಿದ್ದೆ. ಅಷ್ಟರಲ್ಲಿ ಯಜಮಾನರೇ ಕೈಯಲ್ಲೊಂದು ತೊಗರಿಬೇಳೆಯ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ನಾನು ಕ್ಷಮೆಯ ಮಾತೆತ್ತುವ ಮೊದಲೇ, "ಆ ಊರಾಗೆ ಪಾರ್ಕು ಐತಾ?" ಎಂದು ಕೇಳಿದರು.

"ಯಾವೂರಲ್ಲಿ ಯಜಮಾನ್ರೇ?"

"ಅದೇ, ನಿಮ್ಮ ದ್ವೀಪದಾಗೆ. ಪಾರ್ಕು ಇದ್ರೆ ಅಲ್ಲಿ ನಗೋ ಕ್ಲಬ್ಬು ಇಟ್ಟವ್ರಾ?"

"ಇಲ್ಲ. ಅಲ್ಲಿ ಸುಮ್ನೆ ಕೂರೋ ಕ್ಲಬ್ ಇದೆ," ಎಂದು ಬಾಯಿಗೆ ಬಂದದ್ದು ಹೇಳಿದೆ.

ಅವರು ದೀರ್ಘವಾಗಿ ತಲೆಯಾಡಿಸಿದರು. ಆಮೇಲೆ ಹೇಳಿಕೊಂಡರು. "ನಮ್ಮನೇಲಿ ಎಲ್ರೂ ಒಳ್ಳೇವ್ರೇ ಕಣವ್ವಾ. ಅದೇ ಕಷ್ಟ. ಬೆಳಗೆದ್ರೆ ನಗಿಸ್ತಾರೆ. ಮಗ ನನ್ನ ಪಾರ್ಕಿನ ಕ್ಲಬ್ಬಿಗೆ ಸೇರಿಸವ್ನೆ. ಕೈ ಮ್ಯಾಲಕ್ಕೆತ್ತಿ ಹಹ್ಹಹ್ಹ ಅನ್ಬೇಕು. ಪಕ್ಕದಾಗೆ ನಿಂತಿರೋನು ನಂಗಿಂತ ಜೋರಾಗಿ ಅಂತಾನೆ. ಅನ್ಲಿ ಬಿಡು, ಅವನ ಹೆಂಡ್ತಿ ಬದುಕವ್ಳೆ. ಮನೆಗೆ ಬಂದ್ರೆ ಸೊಸೆ ಟೀವೀಲಿ ಕಾಮಿಡಿ ಹಾಕಿ ನನ್ನ ಮುಖಾನೇ ನೋಡ್ತಾಳೆ. ನಾನು ನಗ್ದಿದ್ರೆ ಚಾನಲ್ಲು ಬದಲಾಯಿಸ್ತಾಳೆ. ಪಾಪ, ಅವಳಿಗೋಸ್ಕರ ಒಂದೊಂದು ಸಲ ನಕ್ಬಿಡ್ತೀನಿ. ಮಂಡಿಗಾದ್ರೂ ಹೋಗ್ತೀನಿ ಅಂದ್ರೆ, ಬ್ಯಾಡ, ರೆಸ್ಟ್ ತಗೊಳ್ಳಿ ಅಂತಾರೆ. ಏನಂತ ರೆಸ್ಟ್ ತಗೊಳ್ಳಲಿ?"

ಕಾಫಿಯ ಲೋಟವನ್ನು ಕೆಳಗಿಟ್ಟು ಮತ್ತೆ ಕೇಳಿದರು. "ಆ ಊರಾಗೆ, ಹೆಂಡ್ತಿ ಸತ್ತೋರಿಗೆ ಜನ ಏನಂತ ಹೇಳ್ತಾರೆ?"

ದ್ವೀಪವನ್ನು ಕಟ್ಟುವಾಗ ಸಾರಿನ ಬಗ್ಗೆ, ಸಪ್ಲೈಯರ್ ಬಗ್ಗೆ ಯೋಚಿಸಿದ್ದೆನೇ ಹೊರತು ಸಾವಿನ ಬಗ್ಗೆ ಯೋಚಿಸಿರಲಿಲ್ಲ. ದುಃಖದ ದೇಶದಲ್ಲಿ ದುಃಖವನ್ನೇ ಇಡಲು ಮರೆತಿದ್ದೆ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ಹೇಳಿದ:

"ಏನೂ ಹೇಳಲ್ಲ. ಪಕ್ಕದಲ್ಲಿ ಬಂದು ಕೂತ್ಕೋತಾರೆ."

ಹೇಳಿದವನೇ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಯಜಮಾನರ ಪಕ್ಕ ಕೂತ. ನಾನು ಒಳಗೆ ಹೋಗಿ, ಅಗತ್ಯವಿಲ್ಲದಿದ್ದರೂ ಪಾತ್ರೆ ತೊಳೆದೆ. ತಿರುಗಿ ಬಂದಾಗ ಯಜಮಾನರು ಅಳುತ್ತಿದ್ದರು, ನನ್ನ ಗಂಡ ಪೇಪರಿನ ಒಳಪುಟವನ್ನು ಅವರ ಕೈಗೆ ಕೊಟ್ಟು ತಾನು ಹೊರಪುಟ ಓದುತ್ತಿದ್ದ. ಹೊರಡುವಾಗ ಯಜಮಾನರು, "ಬರೋ ವಾರ ಬತ್ತೀನವ್ವಾ. ಇನ್ನೊಂದಷ್ಟು ಬರ್ದಿಡಿ," ಎಂದರು.

ಹೀಗೆ ಭಾನುವಾರಗಳು ಶುರುವಾದವು. ಅವರು ಪ್ರಶ್ನೆ ಕೇಳುವುದು, ನಾನು ಉತ್ತರ ಕಟ್ಟುವುದು. ಕೆಲವು ವಾರ ಹೀಗೆ ನಡೆದ ಮೇಲೆ, ನನ್ನ ಉತ್ತರಗಳು ಅವರಿಗೆ ಸಾಲದಾದವು. ತಾವೇ ಹೇಳತೊಡಗಿದರು. ವಾರದ ಮಧ್ಯೆ ವಾಟ್ಸಾಪಿನಲ್ಲಿ ದನಿ ಕಳಿಸುವುದನ್ನು ಮೊಮ್ಮಗಳಿಂದ ಕಲಿತರು. ನಾನು ಬಸ್ಸಿಗೆ ನಿಂತಿದ್ದಾಗಲೋ ಕಚೇರಿಯಲ್ಲಿ ಮೀಟಿಂಗಿಗೆ ಹೊರಟಾಗಲೋ ಬರುತ್ತಿತ್ತು. ಹಿನ್ನೆಲೆಯಲ್ಲಿ ಸೊಸೆ ಹಾಕಿದ ಒಗ್ಗರಣೆಯ ಚಟಪಟ, ಮುಂದೆ ಯಜಮಾನರ ಗಂಭೀರ ದನಿ.

"ಕೇಳವ್ವಾ. ಆ ಊರಾಗೆ ಮಂಡಿ ಐತೆ. ಗಿರಾಕಿ ಬಂದ್ರೆ ಅಂಗಡಿಯೋನು, 'ಪಕ್ಕದಂಗಡೀಲಿ ಮಾಲು ಚೆಂದಾಗೈತೆ, ಅಲ್ಲಿಗೋಗಿ' ಅಂತಾನೆ. ಪಕ್ಕದೋನು, 'ಅಯ್ಯೋ, ನಂದೇನು ಚೆಂದ, ಅಲ್ಲೇ ತಗೋಬೋದಿತ್ತಲ್ಲ' ಅಂತಾನೆ. ಗಿರಾಕಿ ಖಾಲಿ ಚೀಲ ತಗೊಂಡು ಮನೆಗೋಯ್ತಾನೆ. ಹೆಂಡ್ತಿ, 'ಒಳ್ಳೇದಾಯ್ತು ಬಿಡಿ' ಅಂತಾಳೆ."

"ಅಲ್ಲಿ ತೊಗರಿಬೇಳೆ ಬೇಯಕ್ಕಿಲ್ಲ. ಕುಕ್ಕರ್ರು ಕೂಗಕ್ಕಿಲ್ಲ, ಕೆಮ್ತದೆ."

"ಅಲ್ಲಿ ಸೊಳ್ಳೆ ಕಚ್ಚಕ್ಕೆ ಮುಂಚೆ 'ಬ್ಯಾಸರ ಇಲ್ಲ ತಾನೆ?' ಅಂತ ಕೇಳ್ತದೆ."

ಮಗಳು ಇವನ್ನು ಕೇಳಿ ಮಂಚದ ಮೇಲೆ ಬಿದ್ದು ನಗುತ್ತಿದ್ದಳು. "ಅಮ್ಮಾ, ತಾತ ಸಖತ್! ಇನ್ನೊಂದು ಹಾಕು." ಎಷ್ಟೋ ವರ್ಷಗಳಿಂದ ಹಾಸ್ಯ ಬರೆಯುತ್ತಿರುವವಳು ನಾನು. ದ್ವೀಪ ನನ್ನದು. ಬಾಡಿಗೆಗೆ ಬಂದವರು ಮನೆಯನ್ನೇ ಆಕ್ರಮಿಸಿಕೊಂಡ ಹಾಗಿತ್ತು.

ಅವರ ಮಾತುಗಳನ್ನು ತಿದ್ದಿ, ಸಾಹಿತ್ಯದ ಮಟ್ಟಕ್ಕೆ ತರುತ್ತೇನೆ ಎಂದು ಹೊರಟೆ. ಕುಕ್ಕರಿನ ವಾಕ್ಯವನ್ನು "ಅಲ್ಲಿನ ಒತ್ತಡ ಪಾತ್ರೆಗಳು ಸದಾ ಶೀತಬಾಧೆಯಿಂದ ಬಳಲುತ್ತಿರುವಂತೆ ತೋರುತ್ತವೆ" ಎಂದು ಬರೆದೆ. ಮಗಳಿಗೆ ತೋರಿಸಿದೆ. ಅವಳು ಎರಡು ಸಲ ಓದಿದಳು.

"ಅಮ್ಮಾ, ತಾತನ ಜೋಕ್ ಸಾಯಿಸ್ಬಿಟ್ಟೆ."

ಹರಿದು ಹಾಕಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟೆ.

ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಸಂಜೆ, ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ, ನಲವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ಕಾರಿನ ಕೀಲಿ ತಿರುಗಿಸುತ್ತಾ ಬಾಗಿಲಿಗೆ ಬಂದರು. ಬೇಳೆ ಮಂಡಿ ಯಜಮಾನರ ಮಗ. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ನೋಡಿ ಮೇಡಂ, ನಮ್ ತಂದೆ ಯಾವ್ದೋ ಐಲ್ಯಾಂಡಲ್ಲಿ ಮನೆ ನೋಡಿದೀನಿ, ಅಲ್ಲಿಗೆ ಹೋಗಿ ಇದ್ಬಿಡ್ತೀನಿ ಅಂತಿದಾರೆ. ಕೇಳಿದ್ರೆ ನಿಮ್ಮ ಅಡ್ರೆಸ್ ಹೇಳ್ತಾರೆ. ನೀವು ರಿಯಲ್ ಎಸ್ಟೇಟಾ?"

"ಅಯ್ಯೋ, ಇಲ್ಲ..."

"ಎಲ್ಲಿ ಬರುತ್ತೆ ಆ ಲೇಔಟು? ಎ ಖಾತಾನಾ, ಬಿ ಖಾತಾನಾ? ಅಡ್ವಾನ್ಸ್ ಏನಾದ್ರೂ ಇಸ್ಕೊಂಡಿದೀರಾ? ವಯಸ್ಸಾದೋರು, ದುಃಖದಲ್ಲಿದಾರೆ ಅಂತ ಗೊತ್ತಿದ್ದೂ..."

ಗಾಬರಿಯಾದಾಗ ನನ್ನ ಮುಖ ಇನ್ನಷ್ಟು ಜೋಲು ಬೀಳುತ್ತದೆ. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆಯೇ ಕಾಣುತ್ತೇನೆ. "ಸರ್, ಆ ದ್ವೀಪ ಇಲ್ಲ," ಎಂದೆ.

"ಇಲ್ದಿರೋ ಜಾಗಾನ ತೋರ್ಸಿದೀರಾ!" ಎಂದು ಅವರ ದನಿ ಏರಿತು. ಎದುರು ಮನೆಯವರು ಕಿಟಕಿಗೆ ಬಂದರು.

ಮಗಳು ಒಳಗಿನಿಂದ ನನ್ನ ಲೇಖನದ ಹಾಳೆಗಳನ್ನು ತಂದು ಅವರ ಕೈಗಿತ್ತಳು. ಅವರು ಬಾಗಿಲಲ್ಲೇ ನಿಂತು ಓದಿದರು. ಹಡಗು ಬಂತು, ಸಾರು ಬಂತು, ಸಪ್ಲೈಯರ್ ಬಂದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಂಥ ಹೊತ್ತಿನಲ್ಲೂ ನಾನು, ಎಲ್ಲಾದರೂ ನಗುತ್ತಾರಾ ಎಂದು ಅವರ ತುಟಿಯನ್ನೇ ನೋಡುತ್ತಿದ್ದೆನೆಂದರೆ ನನ್ನ ಸ್ಥಿತಿ ನೀವೇ ಊಹಿಸಿ.

"ಇದು ಜೋಕಾ?" ಎಂದು ಕೇಳಿದರು.

"ಹಾಗಂದ್ಕೊಂಡೇ ಬರ್ದಿದ್ದು."

"ಇದನ್ನ ಕೇಳಿ ನಮ್ ತಂದೆ ಇಲ್ಲಿಗೆ ಬಂದ್ರಾ?"

ಉತ್ತರಕ್ಕೆ ಮಗಳು ನನ್ನ ಮೊಬೈಲು ತೆಗೆದು, ಯಜಮಾನರು ಕಳಿಸಿದ ದನಿಗಳನ್ನು ಒಂದೊಂದಾಗಿ ಹಾಕಿದಳು. ಮಂಡಿಯ ಕತೆ ಬಂತು. ಕುಕ್ಕರಿನ ಕೆಮ್ಮಿಗೆ ಅವರಿಗೆ ತಡೆಯಲಾಗಲಿಲ್ಲ, ಪಕ್ಕನೆ ನಕ್ಕರು. ನಕ್ಕದ್ದಕ್ಕೆ ತಾವೇ ಮುಜುಗರಪಟ್ಟುಕೊಂಡರು. ಆಮೇಲೆ ನಾನೂ ಅಷ್ಟು ಗಮನವಿಟ್ಟು ಕೇಳಿರದ ಒಂದು ದನಿ ಬಂತು:

"ಆ ಊರಾಗೆ ಗಂಡ ಹೆಂಡ್ತಿ ಜಗಳ ಆಡಕ್ಕಿಲ್ಲ ಕಣವ್ವಾ. ಅದಕ್ಕೇ ಅಷ್ಟು ಬ್ಯಾಸರ ಅಲ್ಲಿ. ನಮ್ಮೋಳು ಹೋಗಿದ್ರೆ ಒಂದೇ ದಿನಕ್ಕೆ ಊರನ್ನ ಸರಿ ಮಾಡ್ಬಿಡ್ತಿದ್ಲು. 'ಏನ್ರೀ ಇದು, ಬಿಸಿಲು ಬಂದೈತೆ, ಮಕ್ಕಳನ್ನ ಒಳಗೆ ಕೂಡಾಕಿದೀರಿ, ಹಪ್ಪಳ ಒಣಗಾಕ್ಬಾರ್ದಾ?' ಅಂತಿದ್ಲು. ಅಂತಿದ್ಲು..." ಅಲ್ಲಿಗೆ ದನಿ ನಿಂತು, ಒಗ್ಗರಣೆಯ ಸದ್ದು ಮಾತ್ರ ಉಳಿಯಿತು.

ಮಗ ನಮ್ಮ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ ಕೂತುಬಿಟ್ಟರು. "ನಮ್ಮ ಹತ್ರ ಅಮ್ಮನ ಹೆಸ್ರೇ ಎತ್ತಲ್ಲ ಅವ್ರು," ಎಂದರು.

"ನೀವು ಚಾನಲ್ ಚೇಂಜ್ ಮಾಡ್ಬಿಡ್ತೀರಂತಲ್ಲ ಅಂಕಲ್," ಎಂದಳು ನನ್ನ ಮಗಳು.

ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ಅವರು ಸಿಟ್ಟಾಗಲಿಲ್ಲ. ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ಡಾಕ್ಟ್ರೇ ಹೇಳಿದ್ರು, ಖುಷಿಯಾಗಿ ಇಟ್ಕೊಳ್ಳಿ ಅಂತ. ಹೆಂಗಿಟ್ಕೊಳ್ಳೋದು ಅಂತ ಹೇಳ್ಲಿಲ್ಲ," ಎಂದರು. ಮತ್ತೆ ಎದ್ದು, "ಆ ಕೊನೇದು ನಂಗೆ ಫಾರ್ವರ್ಡ್ ಮಾಡ್ತೀಯೇನಮ್ಮಾ?" ಎಂದು ನನ್ನ ಮಗಳನ್ನು ಕೇಳಿದರು.

ಆ ಮನೆಯಲ್ಲಿ ಅಂದು ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮುಂದಿನ ವಾರ ಯಜಮಾನರು ಬರಲಿಲ್ಲ. ಅದರ ಬದಲು ಒಂದು ದನಿ ಬಂತು. ಹಿನ್ನೆಲೆಯಲ್ಲಿ ಒಗ್ಗರಣೆಯಿಲ್ಲ, ಮೂಟೆ ಇಳಿಸುವವರ ಕೂಗಾಟ. "ಮಂಡೀಲಿದೀನವ್ವಾ. ಮಗ ಕರ್ಕೊಂಡು ಬಂದ. ಗಲ್ಲಾ ಹತ್ರ ಬ್ಯಾಡಪ್ಪಾ, ಬಾಗಿಲ ಹತ್ರ ಕುರ್ಚಿ ಹಾಕು ಅಂದೆ. ಈ ವಾರ ಬರಕ್ಕಾಗಲ್ಲ, ಮಾಲು ಬರ್ತದೆ." ನಗುವ ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಿದ್ದರು. ಆಮೇಲೂ ಬಿಡುವಾದಾಗ ಬರುತ್ತಿದ್ದರು, ಒಮ್ಮೊಮ್ಮೆ ಮಗನನ್ನೂ ಕರೆತರುತ್ತಿದ್ದರು. ಆತ ನನ್ನ ಗಂಡನ ಪಕ್ಕ ಕೂತು ಪೇಪರಿನ ಕ್ರೀಡಾಪುಟ ಓದುತ್ತಿದ್ದ.

ನವೆಂಬರ್ ಬಂತು. ಕಾರ್ಯದರ್ಶಿಗಳು ನನ್ನನ್ನು ರಸ್ತೆಯಲ್ಲಿ ಕಂಡರೆ ಸ್ಕೂಟರಿನ ವೇಗ ಹೆಚ್ಚಿಸತೊಡಗಿದರು. ನಾನೇ ಅಡ್ಡ ನಿಂತು ಹೇಳಿದೆ: "ಈ ಸಲ ನಾನು ಓದಲ್ಲ. ಬೇಳೆ ಮಂಡಿ ಯಜಮಾನ್ರು ಮಾತಾಡ್ತಾರೆ." ನಾನು ಓದುವುದಿಲ್ಲ ಎಂಬ ಮೊದಲ ವಾಕ್ಯಕ್ಕೇ ಅವರ ಮುಖ ಅರಳಿತು; ಎರಡನೆಯದನ್ನು ಕೇಳಿಸಿಕೊಳ್ಳದೆಯೇ ಒಪ್ಪಿಕೊಂಡರು.

ಯಜಮಾನರು ಚೀಟಿ ಕೂಡ ಇಟ್ಟುಕೊಳ್ಳಲಿಲ್ಲ. ಮೈಕಿನ ಮುಂದೆ ನಿಂತು, "ಹೋದ ವರ್ಷ ಈಯವ್ವ ಒಂದೂರಿನ ವಿಷ್ಯ ಓದಿದ್ರಲ್ಲ, ನೀವ್ಯಾರೂ ನಗ್ಲಿಲ್ಲ. ನಾನು ಅಲ್ಲಿಗೇ ಹೋಗಿ ಇದ್ದು ಬಂದೀನಿ. ಹೆಂಗಿತ್ತು ಅಂತ ಹೇಳ್ತೀನಿ," ಎಂದರು. ಅಷ್ಟಕ್ಕೇ ಜನ ನಕ್ಕರು. ನನ್ನ ವೈಫಲ್ಯಕ್ಕೆ ಸಿಕ್ಕ ನಗು ನನ್ನ ಇಡೀ ಸಾಹಿತ್ಯಕ್ಕೆ ಸಿಕ್ಕಿರಲಿಲ್ಲ. ಮಂಡಿಯ ಕತೆಗೆ ಚಪ್ಪಾಳೆ ಬಿತ್ತು. ಕುಕ್ಕರಿನ ಕೆಮ್ಮನ್ನು ಅವರು ಕೆಮ್ಮಿಯೇ ತೋರಿಸಿದರು. ಹಿಂದಿನ ವರ್ಷ "ಪಾಪ" ಎಂದಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ಅಲುಗುತ್ತಿದ್ದರು.

ಹೆಂಡತಿಯ ಮಾತಿಗೆ ಬಂದಾಗ ಅವರು ನಿಂತರು. "ಅಂತಿದ್ಲು," ಎಂದವರು ಮುಂದೆ ಹೋಗಲಿಲ್ಲ. ಕಾರ್ಯದರ್ಶಿಗಳು ಅವರನ್ನು ಕೆಳಗಿಳಿಸಿಕೊಳ್ಳಲು ವೇದಿಕೆಯ ಕಡೆ ನುಗ್ಗಿದಾಗ ನನ್ನ ಗಂಡ ಅವರ ತೋಳು ಹಿಡಿದು ನಿಲ್ಲಿಸಿದ. ಯಾರೂ ಅವಸರ ಮಾಡಲಿಲ್ಲ. ಯಜಮಾನರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಹಪ್ಪಳ ಒಣಗಾಕ್ಬಾರ್ದಾ ಅಂತಿದ್ಲು," ಎಂದು ಮುಗಿಸಿದರು. ಜನ ನಕ್ಕರು. ನಗುವಾಗ ಬಹಳ ಜನರ ಕಣ್ಣು ಒದ್ದೆಯಾಗಿತ್ತು. ಮುಂದಿನ ಸಾಲಿನಲ್ಲಿ ಅವರ ಸೊಸೆ ಮಾವನ ಮುಖ ನೋಡುತ್ತಿದ್ದಳು, ಅಳುತ್ತಲೂ ಇದ್ದಳು.

ನಾನೂ ನಕ್ಕೆನಂತೆ. ಮಗಳು ಮೊಬೈಲಿನಲ್ಲಿ ಹಿಡಿದಿದ್ದಾಳೆ. ಫೋಟೋದಲ್ಲಿ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡವಳಂತೆ ಕಾಣುತ್ತೇನೆ. ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು, "ಮೇಡಂ, ಇಂಥ ಒಳ್ಳೇ ಐಡಿಯಾ ನಿಮಗೆ ಹೋದ ವರ್ಷಾನೇ ಯಾಕೆ ಹೊಳೀಲಿಲ್ಲ?" ಎಂದರು. ಬರೆಯುವವರಿಗೆ ಹೊಟ್ಟೆಕಿಚ್ಚು ಇರಬಾರದು ಎಂದು ಹೇಳುವವರು ಬರೆಯದೆ ಇದ್ದವರೇ ಇರಬೇಕು. ಆ ಸಂಜೆ ನನಗೆ ಖುಷಿಯೂ ಆಗಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಎರಡನ್ನೂ ಮುಖ ಒಂದೇ ರೀತಿ ತೋರಿಸಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಂಕ್ರಾಂತಿಗೆ ಮುಂಚೆ ಪೊಂಗಲ್ಲಿಗೆ ಹೆಸರುಬೇಳೆ ಬೇಕಾಗಿತ್ತು. ಬೀದಿಯ ಕೊನೆಯ ಅಂಗಡಿಯಲ್ಲೇ ಸಿಗುತ್ತಿತ್ತು, ಆದರೂ ತರಗುಪೇಟೆಗೆ ಹೋದೆ. ಹಬ್ಬದ ವ್ಯಾಪಾರ. ಕೈಗಾಡಿಗಳು, ಟೆಂಪೋಗಳು, ಬೇಳೆಯ ಧೂಳು. ಒಂದು ಹೆಜ್ಜೆ ಇಡಲು ಮೂರು ಜನರ ಅಪ್ಪಣೆ ಬೇಕು. ಯಜಮಾನರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಒಬ್ಬ ಗಿರಾಕಿಯ ಜೊತೆ ಜೋರು ಜೋರಾಗಿ ಜಗಳವಾಡುತ್ತಿದ್ದರು. "ಕಣ್ಣಿದ್ರೆ ನೋಡಯ್ಯಾ, ಇಂಥ ಬೇಳೆ ಇನ್ನೆಲ್ಲಾದ್ರೂ ತೋರ್ಸು!" ಎನ್ನುತ್ತಾ ಅಂಗೈಯಲ್ಲಿ ಕಾಳು ಹರಡಿ ಅವನ ಮೂಗಿನ ಕೆಳಗೆ ಹಿಡಿದಿದ್ದರು. ನನ್ನನ್ನು ಕಂಡವರೇ ಒಂದು ಮೂಟೆಯ ಮೇಲೆ ಟವೆಲ್ಲು ಹಾಸಿ ಕೂರಿಸಿದರು. ಚಹಾ ತರಿಸಿದರು.

"ಹೆಂಗಿದೀರಾ ಯಜಮಾನ್ರೇ?" ಎಂದೆ.

ಅವರು ಕೈಯಲ್ಲಿದ್ದ ಕಾಳನ್ನು ಮೂಟೆಗೆ ಸುರಿದು, ಸ್ವಲ್ಪ ಯೋಚಿಸಿ ಹೇಳಿದರು. "ಇವತ್ತು ಬೆಳಗ್ಗೆ ಅತ್ಬಿಟ್ಟೆ ಕಣವ್ವಾ. ಕಾರಣ ಏನೂ ಇರ್ಲಿಲ್ಲ, ಹಂಗೇ. ಸೊಸೆ ಬಂದು ಪಕ್ಕದಾಗೆ ಕೂತ್ಲು, ಏನೂ ಅನ್ಲಿಲ್ಲ. ಆಮೇಲೆ ಅವರೇಕಾಳು ಉಪ್ಪಿಟ್ಟು ತಿಂದೆ. ಚೆಂದಾಗಿತ್ತು."

"ಅವರೇಕಾಳು ಈ ಸಲ ಚೆನ್ನಾಗಿ ಬಂದಿದೆ," ಎಂದೆ ನಾನು.

"ಸೊಗಡು ಇನ್ನೂ ಸ್ವಲ್ಪ ಇರ್ಬೇಕಿತ್ತು," ಎಂದು ಅವರು ಮತ್ತೆ ಗಿರಾಕಿಯ ಕಡೆ ತಿರುಗಿದರು.